ಆತಕೂರಿನ ಕಲ್ಲಿಗೆ ಈಗ ಗೊರವ ಯಾರು? ಶಾಸನ, ಸಂಗ್ರಹಾಲಯ ಮತ್ತು ಪಾಲನೆಯ ಹೊಣೆ

ವೀರಗಲ್ಲುಗಳ ಬಗ್ಗೆ ಆಸಕ್ತಿ ಇರುವವರಿಗೆ ಆತಕೂರು ಶಾಸನವನ್ನು ಹೊಸದಾಗಿ ಪರಿಚಯ ಮಾಡಿಕೊಡಬೇಕಾಗಿಲ್ಲ. ಮಂಡ್ಯ ಜಿಲ್ಲೆ ಮದ್ದೂರು ತಾಲೂಕಿನ ಊರು. ಶಕ ವರ್ಷ 872, ಅಂದರೆ ಕ್ರಿ.ಶ. 949-50. ರಾಷ್ಟ್ರಕೂಟ ಮುಮ್ಮಡಿ ಕೃಷ್ಣನಿಗೂ ಚೋಳ ರಾಜಾದಿತ್ಯನಿಗೂ ತಕ್ಕೋಲದಲ್ಲಿ ನಡೆದ ಯುದ್ಧದ ವಿವರ ಇದರಲ್ಲಿ ಸಿಗುವುದರಿಂದ ಚರಿತ್ರೆಕಾರರಿಗೆ ಇದು ತುಂಬ ಮುಖ್ಯ. ಆದರೆ ಜನರ ಮನಸ್ಸಿನಲ್ಲಿ ಉಳಿದಿರೋದು ಯುದ್ಧ ಅಲ್ಲ, ನಾಯಿ. ಗಂಗ ಇಮ್ಮಡಿ ಬೂತುಗ ತನ್ನ ವೀರ ಮಣಲೇರನ ಪರಾಕ್ರಮಕ್ಕೆ ಮೆಚ್ಚಿ ಏನು ಬೇಕು ಕೇಳು ಅಂದಾಗ, ಆತ ಕೇಳಿದ್ದು ಕಾಳಿ ಎಂಬ ಬೇಟೆನಾಯಿಯನ್ನು. ಆ ಕಾಳಿಯನ್ನು ಒಂದು ದೊಡ್ಡ ಹಂದಿಯ ಮೇಲೆ ಬಿಟ್ಟರು, ಎರಡೂ ಕಾದಾಡಿ ಸತ್ತವು. ಆ ನಾಯಿಯ ನೆನಪಿಗೆ ಆತಕೂರಿನ ಚಲ್ಲೇಶ್ವರನ ಮುಂದೆ ಕಲ್ಲು ನಿಲ್ಲಿಸಿದರು. ನಾಯಿ ಹಂದಿಯ ಕಾದಾಟದ ಚಿತ್ರ ಕಲ್ಲಿನ ಮೇಲೇ ಇದೆ.

ಇಷ್ಟು ಎಲ್ಲರೂ ಹೇಳುವ ಕಥೆ. ಇದರ ಮುಂದಿನ ಸಾಲುಗಳನ್ನು ಮಾತ್ರ ಅಷ್ಟಾಗಿ ಯಾರೂ ಗಮನಿಸುವುದಿಲ್ಲ. ಕಲ್ಲು ನಿಲ್ಲಿಸಿ ಕೈತೊಳೆದುಕೊಳ್ಳಲಿಲ್ಲ ಅವರು. ಆ ಕಲ್ಲಿನ ಪಾಲನೆಗೆ ಊರ ಕೆರೆಯ ಕೆಳಗೆ ಎರಡು ಖಂಡುಗ ಭೂಮಿ ಬಿಟ್ಟರು. ಆ ಸ್ಥಳದ ಪೂಜೆ ನೋಡಿಕೊಳ್ಳುವ ಗೊರವನಿಗೆ ಹೊಣೆ ವಹಿಸಿದರು. ಭೂಮಿಯನ್ನು ಅಳಿದವರಿಗೆ ಪಾಪ ತಟ್ಟಲಿ ಎಂದು ಬರೆಸಿದರು. ಅಷ್ಟೇ ಅಲ್ಲ, ಕಲ್ಲಿಗೆ ಪೂಜೆ ಮಾಡದೆ ಗೊರವ ಊಟ ಮಾಡಿದರೆ ನಾಯಿ ಮಾಡಿದ ಪಾಪವೆಲ್ಲ ಅವನಿಗೇ ಸೇರಲಿ ಅಂತಲೂ ಹೇಳಿದರು.

ಈಗಿನ ಆಡಳಿತದ ಭಾಷೆಯಲ್ಲಿ ಹೇಳಬೇಕಂದ್ರೆ ಇದು ಒಂದು ನಿರ್ವಹಣಾ ಯೋಜನೆ. ವಸ್ತು ಯಾವುದು, ಎಲ್ಲಿರಬೇಕು, ಯಾರು ನೋಡಿಕೊಳ್ಳಬೇಕು, ಖರ್ಚಿಗೆ ಹಣ ಎಲ್ಲಿಂದ, ತಪ್ಪಿದರೆ ಯಾರು ಜವಾಬ್ದಾರಿ, ಐದಕ್ಕೂ ಕಲ್ಲಿನ ಮೇಲೇ ಉತ್ತರ ಇದೆ. ಇವತ್ತು ಆ ಕಲ್ಲು ಬೆಂಗಳೂರಿನ ಸರ್ಕಾರಿ ವಸ್ತುಸಂಗ್ರಹಾಲಯದ ಸಂಗ್ರಹದಲ್ಲಿದೆ. ಕೆರೆ ಕೆಳಗಿನ ಭೂಮಿಯಿಲ್ಲ, ಗೊರವನಿಲ್ಲ. ಹಾಗಾದರೆ ಆ ಐದು ಪ್ರಶ್ನೆಗಳಿಗೆ ಈಗ ಉತ್ತರ ಕೊಡಬೇಕಾದವರು ಯಾರು? ಸಂಗ್ರಹಾಲಯಗಳ ಸುಸ್ಥಿರತೆ, ಸಾಮಾಜಿಕ ಹೊಣೆ ಅಂತ ಈಚೆಗೆ ಕೇಳಿಬರುವ ಮಾತುಗಳನ್ನು ಶಾಸನಗಳ ಕಡೆಯಿಂದ ಅರ್ಥ ಮಾಡಿಕೊಳ್ಳೋಕೆ ಇದಕ್ಕಿಂತ ಒಳ್ಳೆಯ ದಾರಿ ಇಲ್ಲ.

ಕೊಡುವುದಕ್ಕಿಂತ ಕಾಯುವುದು ದೊಡ್ಡದು

ದಾನಶಾಸನಗಳನ್ನು ಓದಿದವರಿಗೆ ಕೊನೆಯ ಭಾಗದ ಶಾಪಾಶಯ ಚೆನ್ನಾಗಿ ಗೊತ್ತು. ಸೂರ್ಯಚಂದ್ರರಿರುವವರೆಗೆ ಇದು ನಡೆಯಲಿ ಎನ್ನುತ್ತಾರೆ. ಕಲ್ಲಿನ ನೆತ್ತಿಯಲ್ಲಿ ಸೂರ್ಯ, ಚಂದ್ರರನ್ನು ಕೆತ್ತೋದೂ ಅದಕ್ಕೇ. ಜೊತೆಗೆ ಮತ್ತೆ ಮತ್ತೆ ಬರುವ ಇನ್ನೊಂದು ಮಾತಿದೆ: ದಾನ ಮಾಡುವುದು, ಮಾಡಿದ ದಾನವನ್ನು ಪಾಲಿಸುವುದು, ಇವೆರಡರಲ್ಲಿ ಪಾಲಿಸುವುದೇ ಹೆಚ್ಚಿನದು. ತಾನು ಕೊಟ್ಟದ್ದಿರಲಿ ಬೇರೆಯವರು ಕೊಟ್ಟದ್ದಿರಲಿ, ಕಿತ್ತುಕೊಂಡವನಿಗೆ ಒಂದೇ ಗತಿ.

ಈ ಮಾತಿನ ಹಿಂದೆ ವ್ಯವಹಾರಜ್ಞಾನ ಇದೆ. ಕೊಡೋದು ಒಂದು ದಿನದ ಕೆಲಸ. ಅವತ್ತು ರಾಜ ಬರುತ್ತಾನೆ, ಸಾಕ್ಷಿಗಳಿರುತ್ತಾರೆ. ಕಾಯೋದು ಮಾತ್ರ ದಿನದಿನದ ಕೆಲಸ, ಅದನ್ನು ನೋಡುವವರು ಯಾರೂ ಇರೋದಿಲ್ಲ. ಸಂಗ್ರಹಾಲಯಗಳ ಕಥೆಯೂ ಹೀಗೇ. ಹೊಸ ಕಟ್ಟಡದ ಉದ್ಘಾಟನೆಗೆ ಹಣ ಸಿಗುತ್ತೆ. ಹತ್ತು ವರ್ಷ ಕಳೆದ ಮೇಲೆ ಸೋರುವ ಮಾಳಿಗೆಗೆ ಸಿಗೋದು ಕಷ್ಟ.

ಸಂಗ್ರಹಾಲಯಗಳ ಅಂತರರಾಷ್ಟ್ರೀಯ ಮಂಡಳಿ 2022ರ ಆಗಸ್ಟ್‌ನಲ್ಲಿ ಪ್ರಾಗ್ ನಗರದಲ್ಲಿ ಸೇರಿ ಸಂಗ್ರಹಾಲಯ ಎಂದರೇನು ಎಂಬ ವ್ಯಾಖ್ಯೆಯನ್ನು ಹೊಸದಾಗಿ ಒಪ್ಪಿಕೊಂಡಿತು. ಸಂಗ್ರಹಿಸುವುದು, ಸಂರಕ್ಷಿಸುವುದು, ಪ್ರದರ್ಶಿಸುವುದು ಮೊದಲೂ ಇತ್ತು. ಎಲ್ಲರಿಗೂ ತೆರೆದಿರಬೇಕು, ಸುಸ್ಥಿರತೆಯನ್ನು ಬೆಳೆಸಬೇಕು, ಸಮುದಾಯಗಳ ಪಾಲ್ಗೊಳ್ಳುವಿಕೆಯಿಂದ ನಡೆಯಬೇಕು ಎನ್ನುವುದು ಅದರಲ್ಲಿ ಹೊಸದಾಗಿ ಸೇರಿತು. ಕಾಪಿಟ್ಟರೆ ಸಾಲದು, ಯಾರಿಗಾಗಿ ಕಾಪಿಡುತ್ತಿದ್ದೇವೆ ಅನ್ನೋದಕ್ಕೂ ಉತ್ತರ ಕೊಡಿ ಅಂತ ಇದರ ತಾತ್ಪರ್ಯ.

ಕಲ್ಲಿಗೆ ಹವಾನಿಯಂತ್ರಣ ಬೇಕೆ?

ಸುಸ್ಥಿರತೆ ಅಂದ ಕೂಡಲೇ ಮೊದಲು ಬರೋದು ವಿದ್ಯುತ್ ಖರ್ಚು. ವರ್ಣಚಿತ್ರ, ಬಟ್ಟೆ, ತಾಳೆಗರಿಗಳಿರುವ ದೊಡ್ಡ ಸಂಗ್ರಹಾಲಯಗಳಲ್ಲಿ ಹಗಲು ರಾತ್ರಿ ಉಷ್ಣಾಂಶ, ತೇವಾಂಶ ಎರಡನ್ನೂ ಕಟ್ಟುನಿಟ್ಟಾಗಿ ಒಂದೇ ಮಟ್ಟದಲ್ಲಿ ಹಿಡಿಯುವ ಪದ್ಧತಿ ಬಹುಕಾಲದಿಂದ ಇದೆ. ಆ ಯಂತ್ರಗಳು ನುಂಗುವ ವಿದ್ಯುತ್ ಕಡಿಮೆಯದಲ್ಲ. ಈಚಿನ ವರ್ಷಗಳಲ್ಲಿ ದೊಡ್ಡ ಸಂಗ್ರಹಾಲಯಗಳೇ ಸೇರಿ ಈ ಬಿಗಿಯನ್ನು ಸಡಿಲಿಸಿ, ಬಹಳಷ್ಟು ವಸ್ತುಗಳಿಗೆ 16ರಿಂದ 25 ಡಿಗ್ರಿ ಉಷ್ಣಾಂಶ, ಶೇ. 40ರಿಂದ 60ರ ತೇವಾಂಶ ಸಾಕು, ಏರಿಳಿತ ನಿಧಾನವಾಗಿದ್ದರೆ ಆಯಿತು ಎಂಬ ನಿಲುವಿಗೆ ಬಂದಿವೆ.

ಶಾಸನಗಲ್ಲಿನ ವಿಷಯ ಇನ್ನೂ ಸುಲಭ. ಸಾವಿರ ವರ್ಷ ಬಿಸಿಲು ಮಳೆಯಲ್ಲಿ ನಿಂತ ಗ್ರಾನೈಟಿಗೆ ತಂಪು ಕೋಣೆ ಬೇಕಿಲ್ಲ. ಅದರ ಶತ್ರುಗಳೇ ಬೇರೆ, ಅವುಗಳಲ್ಲಿ ಮುಖ್ಯವಾದದ್ದು ಉಪ್ಪು. ನೆಲದ ತೇವ ಕಲ್ಲಿನ ಸಣ್ಣ ರಂಧ್ರಗಳ ಮೂಲಕ ಮೇಲೇರುತ್ತೆ, ಜೊತೆಗೆ ಕರಗಿದ ಲವಣಗಳನ್ನೂ ತರುತ್ತೆ. ಮೇಲ್ಮೈಯಲ್ಲಿ ನೀರು ಆರಿದಾಗ ಲವಣ ಹರಳುಗಟ್ಟಿ ಉಬ್ಬಿ, ಕಲ್ಲಿನ ಚಕ್ಕೆ ಎಬ್ಬಿಸುತ್ತೆ. ಚಕ್ಕೆ ಎದ್ದರೆ ಅದರ ಜೊತೆ ಅಕ್ಷರವೂ ಹೋಯಿತು. ಬಾದಾಮಿ, ಐಹೊಳೆ ಕಡೆಯ ಮರಳುಗಲ್ಲಿಗೆ ಈ ಅಪಾಯ ಹೆಚ್ಚು, ದಟ್ಟವಾದ ಗ್ರಾನೈಟಿಗೆ ಕಡಿಮೆ. ಹೊಯ್ಸಳರ ಬಳಪದ ಕಲ್ಲಿನ ಕಷ್ಟ ಇನ್ನೊಂದು ಥರ: ಮೃದುವಾದದ್ದರಿಂದ ಉಜ್ಜಿದರೆ, ಗೀಚಿದರೆ ಸವೆಯುತ್ತೆ.

ಇದಕ್ಕೆ ಪರಿಹಾರ ದುಬಾರಿ ಏನಲ್ಲ. ನೆಲಕ್ಕೂ ಕಲ್ಲಿಗೂ ನಡುವೆ ತೇವ ಏರದ ಪದರ, ನೀರು ಹರಿದುಹೋಗುವ ಜಗಲಿ, ಮೇಲೊಂದು ಸೂರು, ಗಾಳಿಯಾಡುವ ಜಾಗ, ಇಷ್ಟಿದ್ದರೆ ಬೇಕಾದಷ್ಟಾಯಿತು. ಮಾಡಬಾರದ ಒಂದು ಕೆಲಸ ಅಂದರೆ ಕಲ್ಲಿನ ಬುಡವನ್ನು ಸಿಮೆಂಟಿನಲ್ಲಿ ಹೂಳೋದು. ಸಿಮೆಂಟಿನಿಂದಲೂ ಲವಣಗಳು ಕಲ್ಲಿಗೆ ಇಳಿಯುತ್ತವೆ, ಒಮ್ಮೆ ಗಟ್ಟಿಯಾದ ಮೇಲೆ ಕಲ್ಲು ಒಡೆಯದೆ ಬಿಡಿಸೋಕೆ ಆಗಲ್ಲ. ಅದಕ್ಕಿಂತ ದೊಡ್ಡ ನಷ್ಟ, ಕೆಳಗಿನ ಸಾಲುಗಳು ಮುಚ್ಚಿಹೋಗುವುದು. ದತ್ತಿಯ ಎಲ್ಲೆ, ಸಾಕ್ಷಿಗಳ ಹೆಸರು, ಶಾಪಾಶಯ, ಬರೆದವನ ಹೆಸರು, ಕೆತ್ತಿದ ರೂವಾರಿಯ ಹೆಸರು ಬರೋದು ಸಾಮಾನ್ಯವಾಗಿ ಆ ಸಾಲುಗಳಲ್ಲೇ. ರಾಜನ ಬಿರುದಾವಳಿ ಬೇರೆ ನೂರು ಶಾಸನಗಳಲ್ಲಿ ಸಿಗಬಹುದು, ರೂವಾರಿಯ ಹೆಸರು ಅದೊಂದೇ ಕಡೆ ಇರಬಹುದು.

ತಾಮ್ರಪಟಗಳಿಗೆ ಮಾತ್ರ ಒಣಹವೆ ನಿಜಕ್ಕೂ ಬೇಕು. ತಾಮ್ರದಲ್ಲಿ ಕ್ಲೋರೈಡ್ ಸೇರಿಕೊಂಡಿದ್ದರೆ ತೇವ ಸಿಕ್ಕಾಗ ತಿಳಿಹಸಿರು ಪುಡಿಯಾಗಿ ಲೋಹವನ್ನೇ ತಿಂದುಹಾಕುತ್ತೆ. ತೇವಾಂಶವನ್ನು ಶೇ. 40ರ ಕೆಳಗೆ ಇಟ್ಟರೆ ಅದು ಬಹುಮಟ್ಟಿಗೆ ನಿಲ್ಲುತ್ತೆ. ಹಾಗಂತ ಇಡೀ ಕೊಠಡಿಯನ್ನು ವರ್ಷಪೂರ್ತಿ ಒಣಗಿಸಬೇಕಿಲ್ಲ. ಗಾಳಿಯಾಡದ ಪೆಟ್ಟಿಗೆಯೊಳಗೆ ಸಿಲಿಕಾ ಜೆಲ್ ಇಟ್ಟು, ಆಗಾಗ ಅದನ್ನು ಕಾಯಿಸಿ ಒಣಗಿಸಿ ಮತ್ತೆ ಬಳಸಿದರೆ ಕೆಲಸ ನಡೆಯುತ್ತೆ. ಕರೆಂಟ್ ಹೋದರೂ ಪೆಟ್ಟಿಗೆ ತನ್ನ ಪಾಡಿಗೆ ಕೆಲಸ ಮಾಡ್ತಿರುತ್ತೆ.

ಬೆಳಕಿನ ವಿಷಯವೂ ಅಷ್ಟೇ. ಬಣ್ಣದ ಚಿತ್ರವನ್ನು ಬೆಳಕು ಮಸುಕು ಮಾಡುತ್ತೆ, ಕಲ್ಲಿಗೆ ಆ ಭಯ ಇಲ್ಲ. ಆದರೆ ಎದುರಿನಿಂದ ಜೋರು ದೀಪ ಹಾಕಿದರೆ ಅಕ್ಷರ ಕಾಣೋದೇ ಇಲ್ಲ. ಪಕ್ಕದಿಂದ, ಕಲ್ಲಿನ ಮೈಗೆ ಸವರಿದ ಹಾಗೆ ಓರೆಯಾಗಿ ಬೆಳಕು ಬಿದ್ದಾಗ ಪ್ರತಿ ಗೆರೆಯಲ್ಲೂ ನೆರಳು ನಿಂತು ಅಕ್ಷರ ಎದ್ದು ಕಾಣುತ್ತೆ. ಸೂರಿನ ನಾಲ್ಕು ದೊಡ್ಡ ದೀಪಗಳ ಬದಲು ಪಕ್ಕದಲ್ಲಿ ಒಂದು ಸಣ್ಣ ಎಲ್‌ಇಡಿ ಇಟ್ಟರೆ ವಿದ್ಯುತ್ತೂ ಉಳಿಯಿತು, ಶಾಸನವನ್ನು ಓದಲೂ ಬಂತು.

ಒಂದೇ ಊರಿನ ಎರಡು ಕಲ್ಲು

ಇನ್ನು ಕಷ್ಟದ ಪ್ರಶ್ನೆಗೆ ಬರೋಣ. ಕಲ್ಲು ಊರಲ್ಲೇ ಇರಬೇಕೋ, ಸಂಗ್ರಹಾಲಯಕ್ಕೆ ಬರಬೇಕೋ?

ಬೇಗೂರಿನ ಉದಾಹರಣೆ ನೋಡಿ. ಗಂಗರ ಎರೆಯಪ್ಪನ ಕಾಲದಲ್ಲಿ ನಾಗತ್ತರ ತುಂಬೆಪಾದಿಯ ಕಾಳಗದಲ್ಲಿ ಸತ್ತದ್ದನ್ನು ಹೇಳುವ ದೊಡ್ಡ ವೀರಗಲ್ಲು ಅಲ್ಲಿಂದ ಬೆಂಗಳೂರಿನ ಸಂಗ್ರಹಾಲಯಕ್ಕೆ ಬಂದಿದೆ. ಫ್ಲೀಟ್ ಅದನ್ನು ಎಪಿಗ್ರಾಫಿಯಾ ಇಂಡಿಕಾದಲ್ಲಿ ಪ್ರಕಟಿಸಿದರು. ಆನೆ, ಕುದುರೆ, ಕಾಲಾಳುಗಳ ಕಾಳಗದ ಕೆತ್ತನೆ ನೋಡೋಕೆ ಎರಡು ಕಣ್ಣು ಸಾಲದು. ನಾಗತ್ತರ ಸತ್ತ ಮೇಲೆ ಇರುಗನಿಗೆ ಕೊಟ್ಟ ಬೆಂಪೂರು ಹನ್ನೆರಡರ ಊರುಗಳ ಹೆಸರು ಅದರಲ್ಲಿವೆ. ಅದೇ ಬೇಗೂರಿನ ಇನ್ನೊಂದು ಕಲ್ಲು, ಸುಮಾರು ಕ್ರಿ.ಶ. 900ರದ್ದು, "ಬೆಂಗಳೂರ" ಕಾಳಗವನ್ನು ಹೆಸರಿಸುವ ಶಾಸನ, ನಾಗೇಶ್ವರ ದೇವಾಲಯದ ಆವರಣದಲ್ಲೇ ಇದೆ.

ಎರಡರಲ್ಲಿ ಯಾವುದಕ್ಕೆ ಒಳ್ಳೆಯದಾಯಿತು? ಮೊದಲನೆಯದಕ್ಕೆ ಸೂರು, ಕಾವಲು ಸಿಕ್ಕಿತು, ವಿದ್ವಾಂಸರ ಕಣ್ಣಿಗೆ ಬಿತ್ತು. ಆದರೆ ಬೆಂಪೂರು ಹನ್ನೆರಡರ ಪಟ್ಟಿಯನ್ನು ಅದೇ ನೆಲದ ಮೇಲೆ ನಿಂತು ಓದುವ ಸುಖ ಹೋಯಿತು. ಎರಡನೆಯದು ಬಹುಕಾಲ ಯಾರ ಲಕ್ಷ್ಯವೂ ಇಲ್ಲದೆ ಬಿದ್ದಿತ್ತು. ಆದರೆ ಊರ ಹೆಸರಿಗೆ ಬೆಂದಕಾಳಿನ ಕಥೆ ಹೇಳುತ್ತಿದ್ದವರು ಇವತ್ತು ಬೇಗೂರಿಗೇ ಹೋಗಿ ಆ ಕಲ್ಲು ನೋಡಿ ಬರುತ್ತಾರೆ. ಒಂದಕ್ಕೆ ಭದ್ರತೆ ಸಿಕ್ಕಿತು, ಇನ್ನೊಂದಕ್ಕೆ ನೆಲ ಉಳಿಯಿತು.

ಶಾಸನ ಮತ್ತು ಸ್ಥಳದ ನಂಟು ಶಿಲ್ಪಕ್ಕಿಂತ ಗಟ್ಟಿ. "ಈ ಕೆರೆಯ ಕೆಳಗೆ", "ಈ ದೇವರ ಮುಂದೆ", "ಮೂಡಲಿಗೆ ಆ ಹಳ್ಳ, ತೆಂಕಲಿಗೆ ಈ ಬಂಡೆ" ಅಂತ ಹೇಳುವ ಕಲ್ಲನ್ನು ನೂರು ಕಿಲೋಮೀಟರ್ ದೂರ ಒಯ್ದರೆ "ಈ" ಅನ್ನೋ ಮಾತಿಗೇ ಅರ್ಥ ಇರಲ್ಲ. ಭಾರತೀಯ ಪುರಾತತ್ತ್ವ ಸರ್ವೇಕ್ಷಣೆಯ ಸ್ಥಳ ಸಂಗ್ರಹಾಲಯಗಳು, ನಮ್ಮಲ್ಲಿ ಹಂಪಿಯ ಕಮಲಾಪುರ, ಬಾದಾಮಿ, ಐಹೊಳೆ, ಹಳೇಬೀಡು, ವಿಜಯಪುರ, ಹುಟ್ಟಿದ್ದು ಈ ಯೋಚನೆಯಿಂದಲೇ: ಸಿಕ್ಕಿದ್ದು ಸಿಕ್ಕ ಜಾಗದ ಹತ್ತಿರವೇ ಉಳಿಯಲಿ.

ಖರ್ಚಿನ ಲೆಕ್ಕವೂ ಇದೇ ಕಡೆ ವಾಲುತ್ತೆ. ಆರೂವರೆ ಅಡಿ ಎತ್ತರ, ಮೂರು ಅಡಿಗಿಂತ ತುಸು ಹೆಚ್ಚು ಅಗಲ, ಎಂಟು ಅಂಗುಲ ದಪ್ಪದ ಗ್ರಾನೈಟ್ ಚಪ್ಪಡಿ ಒಂದು ಟನ್ನಿಗಿಂತ ಹೆಚ್ಚು ತೂಗುತ್ತೆ. ಅದನ್ನು ಎತ್ತಲು ಕ್ರೇನ್, ಸಾಗಿಸಲು ಲಾರಿ, ಇಡಲು ಗಟ್ಟಿ ನೆಲ ಬೇಕು. ದಾರಿಯಲ್ಲಿ ಒಡೆಯುವ ಭಯ ಬೇರೆ. ಅದೇ ದುಡ್ಡಿನಲ್ಲಿ ಊರಲ್ಲೇ ಒಂದು ಮಂಟಪ ಎಬ್ಬಿಸಬಹುದಲ್ಲ?

ಹಾಗಂತ ಎಲ್ಲ ಕಲ್ಲೂ ಊರಲ್ಲೇ ಇರಲಿ ಅನ್ನೋದೂ ಸರಿಯಲ್ಲ. ಶಾಸನಗಲ್ಲುಗಳು ಮೋರಿಗೆ ಚಪ್ಪಡಿಯಾಗಿವೆ, ಬಟ್ಟೆ ಒಗೆಯುವ ಕಲ್ಲಾಗಿವೆ, ರಸ್ತೆ ಅಗಲ ಮಾಡುವಾಗ ಜೆಸಿಬಿಗೆ ಸಿಕ್ಕಿ ಚೂರಾಗಿವೆ. ಕಲ್ಲಿನ ಬರಹ ನಿಧಿಯ ಗುಟ್ಟು ಹೇಳುತ್ತೆ ಅಂತ ನಂಬಿ ರಾತ್ರೋರಾತ್ರಿ ಬುಡ ಅಗೆದು ಒಡೆದವರೂ ಇದ್ದಾರೆ. ಅಂಥ ಕಡೆ ಸಂಗ್ರಹಾಲಯವೇ ಗತಿ.

ಆದ್ದರಿಂದ ಒಂದು ಕ್ರಮ ಇಟ್ಟುಕೊಳ್ಳಬಹುದು. ಅಪಾಯ ಇಲ್ಲದಿದ್ದರೆ ಕಲ್ಲನ್ನು ಅಲುಗಿಸಬೇಡಿ. ಅಪಾಯ ಇದ್ದರೆ ಅದೇ ಊರಲ್ಲಿ, ದೇವಸ್ಥಾನದ ಅಂಗಳಕ್ಕೋ ಶಾಲೆಗೋ ಪಂಚಾಯಿತಿ ಕಚೇರಿಗೋ ಸರಿಸಲು ಸಾಧ್ಯವೇ ನೋಡಿ. ಅದೂ ಆಗದಿದ್ದರೆ ಹತ್ತಿರದ ಸಂಗ್ರಹಾಲಯ. ಪ್ರತಿ ಹಂತದಲ್ಲೂ ಇಲಾಖೆಗೆ ತಿಳಿಸಿಯೇ ಮಾಡಬೇಕು, ಯಾಕಂದ್ರೆ 1972ರ ಪ್ರಾಚ್ಯವಸ್ತು ಕಾಯಿದೆಯ ಪ್ರಕಾರ ನೂರು ವರ್ಷ ದಾಟಿದ ಶಾಸನವೂ ಪ್ರಾಚ್ಯವಸ್ತುವೇ. ಕಲ್ಲು ಎತ್ತುವ ಮೊದಲು ಅದು ನಿಂತ ಜಾಗ, ಮುಖ ಮಾಡಿದ ದಿಕ್ಕು, ಅಕ್ಕಪಕ್ಕದ ಕಲ್ಲುಗಳು, ಊರವರು ಅದಕ್ಕೆ ಕರೆಯುವ ಹೆಸರು, ಎಲ್ಲವನ್ನೂ ಫೋಟೊ ಸಮೇತ ದಾಖಲಿಸಬೇಕು. ಆ ದಾಖಲೆ ಇಲ್ಲದಿದ್ದರೆ ಸಂಗ್ರಹಾಲಯಕ್ಕೆ ಬರೋದು ಅರ್ಧ ಶಾಸನ ಮಾತ್ರ.

ಬೆಂಗಳೂರಿನ ಹೆಬ್ಬಾಳದ ಕಿತ್ತಯ್ಯನ ವೀರಗಲ್ಲು ಈ ಮಧ್ಯದ ದಾರಿಗೆ ಒಳ್ಳೆಯ ಮಾದರಿ. ಶ್ರೀಪುರುಷನ ಕಾಲದ, ಸುಮಾರು ಕ್ರಿ.ಶ. 750ರ ಈ ಕಲ್ಲು 2018ರಲ್ಲಿ ಬೆಳಕಿಗೆ ಬಂತು. ಶಾಸನಾಸಕ್ತರು, ಸ್ಥಳೀಯರು ಸೇರಿ ಅದನ್ನು ಉಳಿಸಿ, ಹೆಬ್ಬಾಳದಲ್ಲೇ ಮಂಟಪ ಕಟ್ಟಿ ಇರಿಸಿದರು. ಕಲ್ಲು ತನ್ನೂರಲ್ಲೇ ಉಳಿಯಿತು, ಮಳೆಯಿಂದಲೂ ಪಾರಾಯಿತು.

ಊರಿಗೆ ವಾಪಸು ಏನು ಕೊಡಬೇಕು?

ಕಲ್ಲು ಈಗಾಗಲೇ ಸಂಗ್ರಹಾಲಯಕ್ಕೆ ಬಂದಾಗಿದೆ ಅಂದುಕೊಳ್ಳಿ. ಆಗ ಊರಿನ ಋಣ ತೀರಿಸೋದು ಹೇಗೆ?

ಮೊದಲನೆಯದು ಪ್ರತಿಕೃತಿ. ಸುಮಾರು ಕ್ರಿ.ಶ. 450ರ ಹಲ್ಮಿಡಿ ಶಾಸನವನ್ನು ಎಂ. ಎಚ್. ಕೃಷ್ಣ ಅವರು 1936ರಲ್ಲಿ ಬೆಳಕಿಗೆ ತಂದರು. ಹದಿನಾರು ಸಾಲಿನ ಆ ಮೂಲ ಶಿಲೆ ಮೈಸೂರಿನಲ್ಲಿ ಪುರಾತತ್ತ್ವ ಇಲಾಖೆಯ ಸುಪರ್ದಿಯಲ್ಲಿದೆ, ಬೇಲೂರು ತಾಲೂಕಿನ ಹಲ್ಮಿಡಿಯಲ್ಲಿ ಅದರ ಪ್ರತಿಕೃತಿ ನಿಲ್ಲಿಸಿದ್ದಾರೆ. ಪ್ರತಿಕೃತಿ ಮೂಲಕ್ಕೆ ಸಮ ಅಲ್ಲ, ನಿಜ. ಆದರೆ ತಮ್ಮೂರ ಹೆಸರು ಕನ್ನಡದ ಚರಿತ್ರೆಯಲ್ಲಿ ಯಾಕಿದೆ ಅಂತ ಅಲ್ಲಿಯ ಮಗುವಿಗೆ ತೋರಿಸಲು ಊರಲ್ಲೇ ಏನೋ ಒಂದು ಇರಬೇಕು. ಪ್ರತಿಕೃತಿಗೆ ಇನ್ನೊಂದು ಉಪಯೋಗವೂ ಇದೆ: ಅದನ್ನು ಮುಟ್ಟಬಹುದು. ಕಣ್ಣು ಕಾಣದವರು ಬೆರಳಿನಿಂದ ಹಳಗನ್ನಡದ ಲಿಪಿಯನ್ನು ತಿಳಿಯಬಹುದು. ಆಳವಾಗಿ ಕೆತ್ತಿದ ಅಕ್ಷರಕ್ಕಿಂತ ಸ್ಪರ್ಶಕ್ಕೆ ಒದಗುವ ವಸ್ತು ಸಂಗ್ರಹಾಲಯದಲ್ಲಿ ಇನ್ನೇನಿದೆ?

ಎರಡನೆಯದು ವಿವರಫಲಕ. "ವೀರಗಲ್ಲು, 10ನೇ ಶತಮಾನ, ಗಂಗರ ಕಾಲ" ಅಂತ ಬರೆದರೆ ಯಾರಿಗೆ ಏನು ತಿಳಿದೀತು? ಶಾಸನ ಅಂದರೆ ಮಾತಾಡುವ ಕಲ್ಲು. ಮೂಲಪಾಠ, ಅದರ ಪಕ್ಕ ಹೊಸಗನ್ನಡದ ಅರ್ಥ, ಊರಿನ ಹೆಸರು, ಒಂದು ಸಣ್ಣ ನಕ್ಷೆ ಇರಲಿ. ಫಲಕದಲ್ಲಿ ಪ್ರಾಮಾಣಿಕತೆಯೂ ಬೇಕು. ತುರು ಬಿಡಿಸಲು ಹೋಗಿ ಸತ್ತವರು, ಊರ ಕಾವಲಿಗೆ ಸತ್ತವರು ಹೆಚ್ಚಿನವರು ಸಾಮಾನ್ಯ ಜನ. ರಾಜವಂಶದ ಹೆಸರಿನ ಕೆಳಗೆ ಅವರ ಹೆಸರು ಮರೆಯಾಗಬಾರದು. ಮಾಸ್ತಿಕಲ್ಲಿನ ಮುಂದೆ ಬರೀ ತ್ಯಾಗದ ವರ್ಣನೆ ಬರೆದು ಸುಮ್ಮನಾಗುವುದೂ ಹೊಣೆಗೇಡಿತನವೇ. ಆ ಪದ್ಧತಿ ಏನಾಗಿತ್ತು, ಆ ಹೆಣ್ಣಿಗೆ ಬೇರೆ ದಾರಿ ಇತ್ತೇ ಎನ್ನುವ ಪ್ರಶ್ನೆಯನ್ನು ನೋಡುಗರ ಮುಂದೆ ಇಡಬೇಕು.

ಮೂರನೆಯದು ಪಾಠವನ್ನು ಹಂಚುವುದು. ರೈಸ್ ಅವರು ಎಪಿಗ್ರಾಫಿಯಾ ಕರ್ನಾಟಿಕದ ಸಂಪುಟಗಳನ್ನು ಹೊರತಂದದ್ದರಿಂದ, ಕಲ್ಲೇ ಕಳೆದುಹೋದ ಎಷ್ಟೋ ಶಾಸನಗಳ ಮಾತು ನಮಗೆ ಉಳಿದಿದೆ. ಇವತ್ತು ಬೆಂಗಳೂರಿನ ಮಿಥಿಕ್ ಸೊಸೈಟಿಯವರು 2021ರಿಂದ ಬೆಂಗಳೂರು ಪ್ರದೇಶದ ಶಾಸನಗಳನ್ನು ಮೂರು ಆಯಾಮದಲ್ಲಿ ಸ್ಕ್ಯಾನ್ ಮಾಡುತ್ತಿದ್ದಾರೆ. ಬರಿಗಣ್ಣಿಗೆ ಕಾಣದ ಗೆರೆಗಳೂ ಅದರಲ್ಲಿ ಸಿಗುತ್ತವೆ. ಆದರೆ ಡಿಜಿಟಲ್ ಕಡತಕ್ಕೂ ಗೊರವ ಬೇಕು ಅನ್ನೋದನ್ನು ಮರೆಯಬಾರದು. ಹಾರ್ಡ್ ಡಿಸ್ಕ್ ಕೆಡುತ್ತೆ, ತಂತ್ರಾಂಶ ಹಳತಾಗುತ್ತೆ, ಜಾಲತಾಣದ ಶುಲ್ಕ ಕಟ್ಟದಿದ್ದರೆ ಮುಚ್ಚುತ್ತೆ. ಎರಡು ಮೂರು ಕಡೆ ಪ್ರತಿ, ಎಲ್ಲರೂ ತೆರೆಯಬಲ್ಲ ರೂಪ, ಕೆಲವು ವರ್ಷಕ್ಕೊಮ್ಮೆ ಹೊಸ ಮಾಧ್ಯಮಕ್ಕೆ ನಕಲು ಇಲ್ಲದಿದ್ದರೆ ಕಡತ ಕಲ್ಲಿಗಿಂತ ಮೊದಲೇ ಅಳಿಯುತ್ತೆ.

ನಾವೇನು ಮಾಡಬಹುದು?

ಸಂಗ್ರಹಾಲಯದ ಹೊಣೆ ಅಂತ ಹೇಳಿ ನಾವು ಪಕ್ಕಕ್ಕೆ ಸರಿಯೋ ಹಾಗಿಲ್ಲ. ಶಾಸನ ನೋಡಲು ಹೋಗುವವರು ಇಷ್ಟಾದರೂ ಪಾಲಿಸಬಹುದು. ಅಕ್ಷರ ಕಾಣಲಿ ಅಂತ ತಂತಿ ಬ್ರಷ್, ಆ್ಯಸಿಡ್, ಎಣ್ಣೆ, ಬಣ್ಣ ಬಳಸಬೇಡಿ. ನೀರು, ಮೆತ್ತನೆಯ ಬ್ರಷ್ ಸಾಕು, ಚಕ್ಕೆ ಏಳುತ್ತಿದ್ದರೆ ಅದೂ ಬೇಡ. ಸಂಜೆಯ ನಂತರ ಮೊಬೈಲ್ ಟಾರ್ಚನ್ನು ಪಕ್ಕದಿಂದ ಹಿಡಿದು ಫೋಟೊ ತೆಗೆದರೆ ಸುಣ್ಣದ ಪುಡಿ ಹಚ್ಚಿದ್ದಕ್ಕಿಂತ ಚೆನ್ನಾಗಿ ಬರುತ್ತೆ. ಊರವರಿಗೆ ಕಲ್ಲಿನಲ್ಲಿ ಏನಿದೆ ಅಂತ ಓದಿ ಹೇಳಿ. ಇದರಲ್ಲಿ ನಿಧಿಯ ಸುದ್ದಿ ಇಲ್ಲ, ನಿಮ್ಮ ಕೆರೆಯ ಸುದ್ದಿ ಇದೆ ಅಂತ ಗೊತ್ತಾದರೆ ಅವರೇ ಕಾವಲು ನಿಲ್ಲುತ್ತಾರೆ. ಸಂಗ್ರಹಾಲಯಕ್ಕೆ ಹೋದಾಗ ಫಲಕ ಇಲ್ಲದಿದ್ದರೆ, ಕಲ್ಲಿನ ಬುಡದಲ್ಲಿ ಬಿಳಿ ಲವಣ ಕಂಡರೆ, ಸಿಬ್ಬಂದಿಗೆ ಬರೆದು ಕೊಡಿ. ಯಾರೂ ಕೇಳದ ಕಡೆ ಅನುದಾನವೂ ಬರೋದಿಲ್ಲ.

ಆತಕೂರಿನವರು ಒಂದು ನಾಯಿಯ ನೆನಪಿಗಾಗಿ ಗದ್ದೆ ಬಿಟ್ಟರು, ಗೊರವ ಊಟಕ್ಕೆ ಕೂರುವ ಮೊದಲು ಕಲ್ಲಿನ ಕಡೆ ನೋಡಲೇಬೇಕು ಅಂತ ನಿಯಮ ಮಾಡಿದರು. ಅವರಿಗೆ ಗೊತ್ತಿತ್ತು, ಕಲ್ಲು ತನ್ನಷ್ಟಕ್ಕೆ ತಾನೇ ಉಳಿಯೋದಿಲ್ಲ. ಆ ಭೂಮಿಯ ಜಾಗದಲ್ಲಿ ಈಗ ಇರೋದು ನಾವು ಕಟ್ಟುವ ತೆರಿಗೆ. ಗೊರವನ ಜಾಗದಲ್ಲಿ ಕ್ಯುರೇಟರ್, ಕಾವಲುಗಾರ, ಕಸ ಗುಡಿಸುವವರು, ಜೊತೆಗೆ ಶಾಸನ ಓದಬಲ್ಲ ನಾವು ನೀವು. ಒಡಂಬಡಿಕೆ ಇನ್ನೂ ಜಾರಿಯಲ್ಲೇ ಇದೆ.